ದಿಮ್ಮಿಯ ಕೆಳಗೆ ತುಂಬಿದ ಉಡಿ

ಆ ದಿನ ಹಳ್ಳದ ದಂಡೆಯಲ್ಲಿ ನಾವು ಐದು ಜನ ಸೇರಿದ್ದೆವು. ದಾರಿಗೆ ಅಡ್ಡ ಮಲಗಿದ್ದ ಬೇವಿನ ದಿಮ್ಮಿಯ ಒಂದು ಕಡೆ ನಾನು ಮತ್ತು ನನ್ನ ಅತ್ತೆ. ಇನ್ನೊಂದು ಕಡೆ ನನ್ನ ಅವ್ವ, ಅವಳನ್ನು ತನ್ನ ಗಾಡಿಯಲ್ಲಿ ಕೂರಿಸಿಕೊಂಡು ಬಂದಿದ್ದ ನಮ್ಮೂರ ಪಿಂಜಾರ ಕಾಕಾ. ದಿಮ್ಮಿಯ ತುದಿಯಲ್ಲಿ, ಹಗ್ಗ ಕಟ್ಟಿದ ಗೂಟದ ಹತ್ತಿರ, ನಾಕಾದ ಹವಾಲ್ದಾರ. ಅವನ ಇಬ್ಬರು ಸಿಪಾಯಿಗಳು ಹಿಂದಿನ ಗುಡಾರದಲ್ಲಿ ಕೂತು ಅವ್ವ ತಂದ ಸಜ್ಜಿ ರೊಟ್ಟಿ ತಿನ್ನುತ್ತಿದ್ದರು. ಅಂದು ರೊಟ್ಟಿ ಹಬ್ಬ. ಪಂಚಮಿಗೆ ಮುಂಚೆ ಬರುವ ಆ ದಿನ ಮನೆಮನೆಗೆ ರೊಟ್ಟಿ ಬೀರುವುದು ನಮ್ಮ ಕಡೆಯ ಪದ್ಧತಿ. ನಾಕಾ ಮನೆಯಲ್ಲವಲ್ಲ ಎಂದರೆ ಅವ್ವ ಕೇಳುವವಳಲ್ಲ.

ಸ್ವಾತಂತ್ರ್ಯ ಬಂದು ವರ್ಷ ಆಗುತ್ತಾ ಬಂದಿತ್ತು. ಆದರೆ ನನ್ನ ತವರಿನ ಕುಷ್ಟಗಿ ಸೀಮೆ ಇನ್ನೂ ನಿಜಾಮರ ರಾಜ್ಯದಲ್ಲೇ ಇತ್ತು. ನನ್ನನ್ನು ಕೊಟ್ಟದ್ದು ಹಳ್ಳ ದಾಟಿ, ಇಳಕಲ್ಲಿನ ಕಡೆಯ ಊರಿಗೆ. ಮೊದಲೆಲ್ಲ ಬೆಳಿಗ್ಗೆ ಗಾಡಿ ಹೂಡಿದರೆ ಊಟದ ಹೊತ್ತಿಗೆ ಅವ್ವನ ಮನೆ. ಸಂತೆಗೆ ಬಂದವರ ಕೈಯಲ್ಲಿ ಅವ್ವ ಶೇಂಗಾ ಹಿಂಡಿ ಕಳಿಸುತ್ತಿದ್ದಳು, ನಾನು ಖಾಲಿ ಡಬ್ಬಿ ವಾಪಸು ಕಳಿಸುತ್ತಿದ್ದೆ. ಆಮೇಲೆ ಆ ಕಡೆ ಧರ್ಮದ ಹೆಸರು ಹೇಳಿಕೊಂಡು ಬಂದೂಕು ಹಿಡಿದ ದಂಡೊಂದು ಊರೂರು ತಿರುಗತೊಡಗಿತು. ಈ ಕಡೆಯ ಸರ್ಕಾರ ಹಳ್ಳದ ಹತ್ತಿರ ನಾಕಾ ಕಟ್ಟಿ, ದಾರಿಗೆ ದಿಮ್ಮಿ ಹಾಕಿತು. ಮಧ್ಯಾಹ್ನದವರೆಗಿನ ದಾರಿ ಅಷ್ಟೇ ಇತ್ತು, ತವರು ಮಾತ್ರ ದೂರವಾಯಿತು.

ನಮ್ಮಜ್ಜಿ ಹೇಳುತ್ತಿದ್ದಳು, ತವರು ದೂರ ಇದ್ದರೆ ಇರಲಿ, ಕಣ್ಣಿಗೆ ಕಾಣುವಷ್ಟು ದೂರ ಇರಬಾರದು ಅಂತ. ನನಗೆ ಕಾಣುತ್ತಿತ್ತು. ಗಂಡನ ಮನೆಯ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ತಲೆ ಎತ್ತಿದರೆ ನಮ್ಮೂರ ಗುಡ್ಡದ ಬೆನ್ನು, ಮಲಗಿದ ಎಮ್ಮೆಯ ಹಾಗೆ. ಒಂದು ಪಾತ್ರೆಯನ್ನು ಎರಡೆರಡು ಸಲ ತಿಕ್ಕುತ್ತಿದ್ದೆ.

ನನಗೆ ಆಗ ದಿನ ತುಂಬುತ್ತಿತ್ತು, ಚೊಚ್ಚಲು. ಏಳನೆಯ ತಿಂಗಳಲ್ಲಿ ತವರಿನವರು ಹಸಿರು ಸೀರೆ, ಕುಬಸ ತಂದು, ಉಡಿ ತುಂಬಿ ಕರೆದುಕೊಂಡು ಹೋಗಬೇಕು. ನಾಕಾದ ಗದ್ದಲದಲ್ಲಿ ಆ ಕುಬಸದ ಶಾಸ್ತ್ರ ಆಗಿರಲಿಲ್ಲ. ಆ ಕಡೆಯಿಂದ ದಿನಕ್ಕೊಂದು ಸುದ್ದಿ ಬರುತ್ತಿದ್ದುದರಿಂದ ಅತ್ತೆ ಕಳಿಸಲು ಒಲ್ಲೆ ಅನ್ನುತ್ತಿದ್ದಳು. ಕಡೆಗೆ ಅವ್ವ ಹೇಳಿ ಕಳಿಸಿದ್ದಳು, ರೊಟ್ಟಿ ಹಬ್ಬದ ದಿನ ಹಳ್ಳಕ್ಕೆ ಬರುತ್ತೇನೆ, ಮಗಳ ಮುಖವನ್ನಾದರೂ ತೋರಿಸಿರಿ ಅಂತ.

ತೋರಿಸಿದ್ದಾಯಿತು. ನೋಡಿದವಳೇ ಅವ್ವ ಅತ್ತೆಗೆ, "ಯಾಕ್ರಿ ಬೀಗ್ತೇರ, ನನ್ನ ಮಗಳಿಗೆ ಹೊಟ್ಟಿತುಂಬ ನೀಡೂದಿಲ್ಲೇನ್ರಿ? ಮಾರಿ ಇಷ್ಟಾಗೈತಿ," ಎಂದಳು.

"ಮಾರಿ ಏನ್ ನೋಡ್ತೀರಿ, ಹೊಟ್ಟಿ ನೋಡ್ರಿ," ಎಂದಳು ಅತ್ತೆ. "ನೀಡಿದ್ದೆಲ್ಲಾ ಅಲ್ಲೇ ಕುಂತೈತಿ."

ಕಾಕಾ ಎತ್ತುಗಳ ಬೆನ್ನು ಸವರುತ್ತ, "ಹಿಂಗ ಇನ್ನೊಂದೀಟು ಜಗಳಾಡ್ರಿ, ದಿಮ್ಮಿ ಬ್ಯಾಸತ್ತು ತಾನಾ ಮ್ಯಾಲ ಏಳ್ತೈತಿ," ಎಂದ.

ಹವಾಲ್ದಾರನೂ ನಕ್ಕ. ನಡುವಯಸ್ಸಿನ ಮನುಷ್ಯ, ಧಾರವಾಡದ ಕಡೆಯವನು. ಆದರೆ ಅವ್ವ ಬುಟ್ಟಿಯಿಂದ ಹಸಿರು ಕುಬಸದ ಕಣ, ತೆಂಗಿನಕಾಯಿ, ಅಕ್ಕಿ, ಬೆಲ್ಲದ ಅಚ್ಚು, ಉತ್ತತ್ತಿ ತೆಗೆದಿಟ್ಟು, "ದಿಮ್ಮಿ ಎತ್ರಿ, ಮಗಳಿಗೆ ಉಡಿ ತುಂಬಬೇಕು," ಎಂದಾಗ ಅವನ ನಗು ನಿಂತಿತು.

"ಹುಕುಂ ಇಲ್ಲರಿ ಅವ್ವಾರ. ದಿಮ್ಮಿ ಮ್ಯಾಲಿಂದನ ಕೊಡ್ರಿ."

"ರೊಟ್ಟಿ ಕೊಟ್ಟೆ. ಉಡಿ ಕೊಡಂಗಿಲ್ಲ. ಹೊಸ್ತಿಲದ ಆಚಿ ನಿಂತು ಈಚಿ ನಿಂತಾಕಿಗೆ ಉಡಿ ತುಂಬತಾರೇನ್ರಿ? ನಿಮ್ಮ ಮನ್ಯಾಗ ಯಾರರ ಹಂಗ ಮಾಡ್ಯಾರೇನು?"

"ಇದು ಹೊಸ್ತಿಲಲ್ಲರಿ, ಸರ್ಕಾರದ ನಾಕಾ."

"ಒಳಗ ಬಿಡೂದಿಲ್ಲ ಅಂದಮ್ಯಾಲ ಹೊಸ್ತಿಲಾನ," ಎಂದಳು ಅವ್ವ.

ಹವಾಲ್ದಾರ ಟೋಪಿ ತೆಗೆದು ತಲೆ ಕೆರೆದುಕೊಂಡ. ನನ್ನ ಕಡೆ ನೋಡಿದ. "ಹ್ವಾದ ವರ್ಷ ನನ್ನ ಮಗಳ ಕುಬಸ ಆತರಿ. ರಜಾ ಸಿಗಲಿಲ್ಲ, ನಾ ಹೋಗಲಿಲ್ಲ," ಎಂದವನೇ ಗೂಟದ ಹಗ್ಗ ಬಿಚ್ಚಿದ. ಇನ್ನೊಂದು ತುದಿಗೆ ಕಟ್ಟಿದ್ದ ಕಲ್ಲಿನ ಭಾರಕ್ಕೆ ದಿಮ್ಮಿ ಮೆಲ್ಲಗೆ ಮೇಲೆದ್ದಿತು. "ನಾ ಏನೂ ನೋಡಿಲ್ಲ. ಲಗೂನ ಮುಗಸ್ರಿ."

ಅತ್ತೆ ಅಷ್ಟು ಹೊತ್ತು ಗಾಡಿಯಲ್ಲಿ ಹಾಸಿದ್ದ ಹುಲ್ಲನ್ನೇ ನೋಡುತ್ತಿದ್ದಳು. ಅದರ ಮೇಲೆ ಕೌದಿ, ಕೌದಿಯ ಮೇಲೆ ದಿಂಬು. ಅವ್ವ ಬರೀ ಮುಖ ನೋಡಲು ಬಂದವಳಲ್ಲ ಎಂದು ಅವಳಿಗೆ ತಿಳಿಯಿತು. "ನಾನೂ ಚೊಚ್ಚಲ ನಮ್ಮವ್ವನ ಮನ್ಯಾಗ ಹಡದಾಕಿ," ಎಂದಳು. "ಹವಾಲ್ದಾರ್ರು ಬಿಟ್ರ ಒಯ್ಯಿರಿ. ಗಾಡಿ ಸಾವಕಾಶ ಹೊಡೀಲಿ."

"ಎತ್ತಿನ ಕಾಲಿಗೆ ಮಲ್ಲಿಗಿ ಕಟ್ಟತೀನ್ರಿ," ಎಂದ ಕಾಕಾ.

ಹವಾಲ್ದಾರ ಆಕಾಶ ನೋಡಿದ. ನನಗೆ ಅಷ್ಟೇ ಸಾಕಾಯಿತು. ಉಡಿ ತುಂಬಿದ ಮೇಲೆ ನಾಲ್ಕು ಹೆಜ್ಜೆ ಇಟ್ಟರೆ ಗಾಡಿ, ಗಾಡಿ ಹತ್ತಿದರೆ ಅವ್ವನ ಮನೆ.

ದಿಮ್ಮಿಯ ನೆರಳಿನಲ್ಲಿ ನಾನು ಸೆರಗು ಒಡ್ಡಿ ನಿಂತೆ. ಅವ್ವ ಅರಿಷಿಣ ಕುಂಕುಮ ಹಚ್ಚಿ, ಕಣ ಇಟ್ಟು, ಕಾಯಿ ಇಟ್ಟು, ಬೊಗಸೆ ಬೊಗಸೆ ಅಕ್ಕಿ ಹಾಕಿದಳು. ಗಂಗಾವತಿ ಕಡೆಯಿಂದ ತರಿಸಿದ ಸಣ್ಣಕ್ಕಿ. ನಮ್ಮದು ಜೋಳದ ಸೀಮೆ, ಅಕ್ಕಿ ಹಬ್ಬಕ್ಕೆ ಮಾತ್ರ. ಕೊನೆಯ ಬೊಗಸೆ ಹಾಕುವಾಗ ಅವಳ ಬಳೆ ನನ್ನ ಬಳೆಗೆ ತಾಗಿತು. ತುಂಬಿದ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳಬೇಕು, ಮನೆಯ ದೇವರ ಮುಂದಲ್ಲದೆ ಎಲ್ಲೂ ಬಿಡಬಾರದು. ನಡೆಯಲು ಬಾರದ ಕೂಸಿಗೂ ನಮ್ಮಲ್ಲಿ ಇದು ಗೊತ್ತು.

ಅಷ್ಟರಲ್ಲಿ ಕಾಕಾ, "ಲಾರಿ ಬರಾಕತ್ತೈತಿ," ಎಂದ.

ಕುಷ್ಟಗಿ ಕಡೆಯಿಂದ ಧೂಳು ಏಳುತ್ತಿತ್ತು. ಹತ್ತಿಯ ಲಾರಿ ಇರಬೇಕು ಅಂದುಕೊಂಡೆವು. ಹತ್ತಿಯ ಲಾರಿ ಇಳಿಜಾರಿಗೆ ಬಂದ ಕೂಡಲೇ ನಿಧಾನವಾಗುತ್ತದೆ. ಇದು ಆಗಲಿಲ್ಲ. ಹವಾಲ್ದಾರ ಒಮ್ಮೆ ಲಾರಿ ನೋಡಿದ, ಒಮ್ಮೆ ಮೇಲೆದ್ದ ದಿಮ್ಮಿ ನೋಡಿದ. ದಾರಿ ನೆಟ್ಟಗೆ ಗುಡಾರದವರೆಗೆ ತೆರೆದುಕೊಂಡಿತ್ತು. ಒಳಗೆ ಅವನ ಹುಡುಗರು ರೊಟ್ಟಿ ತಿನ್ನುತ್ತಿದ್ದರು.

"ಸರೀರಿ," ಎಂದು ಕೂಗಿ ಅವನು ಹಗ್ಗಕ್ಕೆ ಜೋತುಬಿದ್ದ.

ಕಾಕಾ ಅವ್ವನ ಸೆರಗು ಹಿಡಿದು ದಾರಿಯಂಚಿನ ಗಾಡಿಯ ಕಡೆ ಎಳೆದ. ಎಳೆಸಿಕೊಳ್ಳುತ್ತಲೇ ಅವ್ವ ನನ್ನ ಕಡೆಗೆ ಕೈ ಚಾಚಿದಳು. "ಬಾ," ಎಂದಳು. ನನ್ನ ಎರಡೂ ಕೈಯಲ್ಲಿ ಉಡಿ ಇತ್ತು. ಹಿಂದಿನಿಂದ ಅತ್ತೆ ಹೆಗಲು ಹಿಡಿದು ನನ್ನನ್ನು ತನ್ನ ಕಡೆಗೆ, ದಾರಿಯ ಅಂಚಿಗೆ ಎಳೆದುಕೊಂಡಳು. ದಿಮ್ಮಿ ನಮ್ಮ ನಡುವೆ ಬಿತ್ತು. ಅದರ ಮೇಲೆ ಲಾರಿ ಬಂತು.

ಲಾರಿಯ ತುಂಬ ಕಲ್ಲು ಹೇರಿದ್ದರು, ನಾಕಾ ಮುರಿಯಲಿಕ್ಕೆಂದೇ. ದಿಮ್ಮಿ ಎರಡು ತುಂಡಾಯಿತು. ಲಾರಿ ಮಗ್ಗುಲಾಗಿ ಹಳ್ಳದ ದಂಡೆಗೆ ಉರುಳಿತು, ಗುಡಾರ ಉಳಿಯಿತು. ಮುರಿದ ತುಂಡು ಬಡಿದು ಹವಾಲ್ದಾರ ದೂರ ಬಿದ್ದಿದ್ದ. ಲಾರಿಯಲ್ಲಿ ಆ ದಂಡಿನವರು ಇಬ್ಬರಿದ್ದರು. ಒಬ್ಬ ಅಲ್ಲೇ ಹೋದ, ಇನ್ನೊಬ್ಬನನ್ನು ಸಿಪಾಯಿಗಳು ಹೊರಗೆಳೆದರು. ಅವನನ್ನು ನೋಡಿ ಕಾಕಾ ತಲೆಗೆ ಕೈ ಹಚ್ಚಿಕೊಂಡ. "ಮೀಸಿ ಮೂಡಿಲ್ಲ ಇನ್ನಾ. ಅಲ್ಲಾನ ಹೆಸರು ಹೇಳಿ ಇದನ್ನ ಕಲಿಸಿದಾಂವ ಯಾವ ಮನ್ಯಾಗ ಆರಾಮ ಕುಂತಾನೋ."

ಆಮೇಲೆ ಯಾರೂ ಯಾರ ಮಾತನ್ನೂ ಕೇಳುವ ಹಾಗಿರಲಿಲ್ಲ. ಸಿಪಾಯಿಗಳು ಬಂದೂಕು ಎತ್ತಿ ಆ ಕಡೆಯವರು ಆ ಕಡೆ, ಈ ಕಡೆಯವರು ಈ ಕಡೆ ಎಂದು ಅಟ್ಟಿದರು. ಕಾಕಾ ಗಾಡಿ ತಿರುಗಿಸಿದ. ಅವ್ವ ಗಾಡಿಯಲ್ಲಿ ಹಿಮ್ಮುಖವಾಗಿ ಕೂತು, ಕಣ್ಣಿಗೆ ಕಾಣುವಷ್ಟು ದೂರವೂ ಒಂದೇ ಮಾತು ಕೂಗುತ್ತಿದ್ದಳು: "ಉಡಿ ಬಿಡಬ್ಯಾಡ ಮಗಳ. ದೇವರ ಮುಂದ ಬಿಡು."

ಬಿಡಲಿಲ್ಲ. ಅತ್ತೆ ದಾರಿಯುದ್ದಕ್ಕೂ ನನ್ನ ನಡು ಹಿಡಿದು ನಡೆಸಿಕೊಂಡು ಬಂದಳು. ಮನೆಯಲ್ಲಿ ಸೆರಗು ಸಡಿಲಿಸಿದಾಗ ಅಕ್ಕಿಯ ಒಂದು ಕಾಳೂ ಚೆಲ್ಲಿರಲಿಲ್ಲ. ಅದನ್ನು ನೋಡಿ ನನಗೆ ಅಳು ಬಂತು. ಕೈಯಲ್ಲಿ ಇನ್ನೂ ಆ ಚಾಚಿದ ಕೈ ತಾಗಿದ ಹಾಗೆ ಆಗುತ್ತಿತ್ತು, ತಾಗದೆ ಹೋದ ಕೈ.

ಆ ಪಂಚಮಿಗೆ ನಾನು ಜೋಕಾಲಿ ಹತ್ತಲಿಲ್ಲ. ಅತ್ತೆ ಉಡಿಯ ಅಕ್ಕಿಗೆ ಬೆಲ್ಲ ಹಾಕಿ ಪಾಯಸ ಮಾಡಿದಳು. ಅಕ್ಕಿಯಲ್ಲಿ ನಮ್ಮವ್ವನ ಗಡಿಗೆಯ ಬೇವಿನೆಲೆಯ ವಾಸನೆ ಇತ್ತು. ಅರ್ಧ ಉಂಡೆ, ಅರ್ಧ ಮರುದಿನಕ್ಕೆ ಇಟ್ಟೆ. ಶ್ರಾವಣ ಮುಗಿಯುವುದರೊಳಗೆ ಮಗಳು ಹುಟ್ಟಿದಳು. ಅತ್ತೆ ಏನೂ ಕಡಿಮೆ ಮಾಡಲಿಲ್ಲ. ಎರೆದಳು, ಕೆಂಡದ ಶೇಕ ಕೊಟ್ಟಳು, ಅಳವಿ ಬೀಜದ ಗಂಜಿ ಕುಡಿಸಿದಳು. ನೋವು ಬಂದಾಗ ನಾನು ಯಾರನ್ನು ಕೂಗಿದೆ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೂ ಬೇಸರ ಮಾಡಿಕೊಳ್ಳಲಿಲ್ಲ. "ನಾ ಹಡಿಯೂಮುಂದ ನಮ್ಮವ್ವ ಹಂತ್ಯಾಕ ಇದ್ಲು, ಆದ್ರೂ ಅವ್ವಾ ಅಂತನಾ ಕೂಗಿದ್ದೆ," ಎಂದಳು. ಬಾಣಂತಿಯ ಕೋಣೆಯಿಂದ ಗುಡ್ಡ ಕಾಣುತ್ತಿರಲಿಲ್ಲ. ಕಾಣದಿದ್ದರೆ ನೋವು ಕಡಿಮೆ ಎಂದು ಅಜ್ಜಿ ಅಂದದ್ದು ಅಷ್ಟೊಂದು ನಿಜವಲ್ಲ.

ಮಳೆಗಾಲದ ಕೊನೆಗೆ ನಿಜಾಮರ ರಾಜ್ಯ ಹೋಯಿತು. ಸುದ್ದಿ ಬಂದ ಕೆಲವು ದಿನಕ್ಕೆ ನಮ್ಮ ಅಂಗಳದಲ್ಲಿ ಪಿಂಜಾರ ಕಾಕಾನ ಗಾಡಿ ನಿಂತಿತು. ಗಾಡಿಯಲ್ಲಿ ಹುಲ್ಲು, ಕೌದಿ, ದಿಂಬು ಇದ್ದವು. ಅವ್ವ ಇರಲಿಲ್ಲ.

"ಹಳ್ಳದ ಹಂತ್ಯಾಕ ಇಳಿದು ನಿಂತಾಳ," ಎಂದ ಕಾಕಾ. "ನೀ ಹೋಗಿ ಕರ್ಕೊಂಡು ಬಾ, ನಾ ಇಲ್ಲೇ ನಿಂದ್ರತೀನಿ ಅಂದ್ಲು."

ಅತ್ತೆ ಮಗುವನ್ನು ಸುತ್ತಿ ನನ್ನ ತೊಡೆಯ ಮೇಲಿಟ್ಟಳು. ಕಾಕಾ ಸಾವಕಾಶ ಹೊಡೆದ. ಹಳ್ಳದಲ್ಲಿ ಗುಡಾರವಿರಲಿಲ್ಲ, ದಿಮ್ಮಿಯಿರಲಿಲ್ಲ, ಗೂಟವೊಂದೇ ಉಳಿದಿತ್ತು. ಅದರ ಬುಡದಲ್ಲಿ ಒಂದು ಸಜ್ಜಿ ರೊಟ್ಟಿ, ಮೇಲೆ ಒಂದಿಷ್ಟು ಪುಂಡಿ ಪಲ್ಯ. ಹವಾಲ್ದಾರ ಹುಬ್ಬಳ್ಳಿಯ ದವಾಖಾನೆಯಲ್ಲಿ ತೀರಿಕೊಂಡದ್ದು ಅವ್ವನಿಗೂ ತಿಳಿದಿತ್ತು.

ಅವ್ವ ದಾರಿಯ ನಡುವೆ ನಿಂತಿದ್ದಳು. ನಾನು ಮಗುವನ್ನು ಕಾಕಾನ ಕೈಗೆ ಕೊಟ್ಟು ಗಾಡಿಯಿಂದ ಇಳಿದೆ. ಅವ್ವ ಕೈ ಚಾಚಿದಳು. ಎರಡೂ ಕೈಯಿಂದ ಹಿಡಿದುಕೊಂಡೆ. ಆಮೇಲೆ ಗಾಡಿ ಹಳ್ಳ ದಾಟಿ ಕುಷ್ಟಗಿ ದಾರಿ ಹಿಡಿಯಿತು.