ರನ್‌ವೇ ಸೊಟ್ಟಗಿದ್ದ ಎರಡೂವರೆ ತಿಂಗಳು

ಅಪ್ಪನ ಬಲಗಣ್ಣು ಹಾಳಾಗುತ್ತಿದ್ದ ಎರಡೂವರೆ ತಿಂಗಳು ನಾನು ಗ್ರಾಫಿಕ್ಸ್ ಕಾರ್ಡ್ ಕೊಳ್ಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನನ್ನ ಪರವಾಗಿ ಏನೇನೋ ಹೇಳಿಕೊಳ್ಳಬಹುದು, ಅದನ್ನೆಲ್ಲ ಓದುವಾಗ ಇದು ನೆನಪಿರಲಿ.

ಅಪ್ಪ ವಿಮಾನಪುರದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರ್ ಆಗಿದ್ದ. ರೆಕ್ಕೆಯ ಒಳಗೆ ಕೂರುವ ಭಾಗಗಳನ್ನು ಅಳೆದು, ಸರಿಯಿದ್ದರೆ ತನ್ನ ನಂಬರಿನ ಸೀಲು ಒತ್ತುವುದು, ಕೂದಲೆಳೆಯಷ್ಟು ತಪ್ಪಿದ್ದರೂ ಕೆಂಪು ಚೀಟಿ ಕಟ್ಟಿ ವಾಪಸ್ ಕಳಿಸುವುದು ಅವನ ಕೆಲಸ. ಅಷ್ಟು ವರ್ಷ ವಿಮಾನದ ಭಾಗಗಳನ್ನು ಮುಟ್ಟಿದವನು ವಿಮಾನ ಹತ್ತಿದ್ದು ಎರಡೇ ಸಲ. ಅಮ್ಮ ತೀರಿಕೊಂಡ ವರ್ಷ, ಅವನ ಮನಸ್ಸು ಎಲ್ಲಾದರೂ ನಿಲ್ಲಲಿ ಎಂದು, ಮನೆಯ ಕಂಪ್ಯೂಟರಿಗೆ ವಿಮಾನ ಹಾರಿಸುವ ಆಟವೊಂದನ್ನು ಹಾಕಿಕೊಟ್ಟೆ. ಆಟ ಎಂದರೆ ಅವನಿಗೆ ಕೋಪ ಬರುತ್ತಿತ್ತು. ಬೆಳಿಗ್ಗೆ ತಿಂಡಿ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅದರ ಮುಂದೆ ಕೂರುತ್ತಿದ್ದ. ದಿನಾ ಒಂದೇ ಕೆಲಸ: ಎಲ್ಲಿಂದಲೋ ಹಾರಿ ಬಂದು ನಮ್ಮ ಹಳೇ ವಿಮಾನ ನಿಲ್ದಾಣದ ರನ್‌ವೇ ಮೇಲೆ ಇಳಿಯುವುದು. ಆ ನಿಲ್ದಾಣದ ಕಾಂಪೌಂಡು ನಮ್ಮ ಮಹಡಿಯಿಂದಲೇ ಕಾಣುತ್ತದೆ.

ನಮ್ಮ ಮನೆಯಲ್ಲಿ ಅಪ್ಪನ ಕಣ್ಣೆಂದರೆ ಕೊನೆಯ ಮಾತು. ಗೋಡೆಯ ಕ್ಯಾಲೆಂಡರ್ ಓರೆಯಾಗಿದೆ ಎಂದರೆ ಓರೆಯೇ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಹೊಲಿಸಿದ ನನ್ನ ಕುರ್ತಾದ ಅಂಚು ಎಡಕ್ಕೆ ಇಳಿದಿದೆ ಎಂದ. ನನಗೇನೂ ಕಾಣಲಿಲ್ಲ, ಟೈಲರ್ ಟೇಪ್ ಹಿಡಿದು ನೋಡಿ, ಹೌದೆಂದು ತಲೆ ಕೆರೆದುಕೊಂಡ. ಬೀದಿಯಲ್ಲಿ ಯಾರು ಮನೆ ಕಟ್ಟಿಸಿದರೂ ಕಿಟಕಿ ಕೂರಿಸುವ ದಿನ ಅಪ್ಪನಿಗೆ ಕರೆ ಬರುತ್ತಿತ್ತು. ಅಂಥ ಮನೆಯಲ್ಲಿ ಬೆಳೆದವಳಿಗೆ ತನ್ನ ಕಣ್ಣಿನ ಮೇಲೆ ನಂಬಿಕೆ ಬರುವುದು ಕಷ್ಟ.

ಒಂದು ದಿನ ನಾನು ಆಫೀಸಿಗೆ ಹೊರಡುವಾಗ ಕರೆದ.

"ಇಲ್ಲಿ ನೋಡೇ. ರನ್‌ವೇ ಮಧ್ಯದಲ್ಲಿ ಸೊಟ್ಟಗಿದೆ."

ನೋಡಿದೆ. ಬಿಳಿ ಗೆರೆ ನೆಟ್ಟಗೇ ಇತ್ತು. ಅಂಚುಗಳು ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಒಡೆದು ಕಾಣುತ್ತಿದ್ದವು, ಚಿತ್ರ ಆಗಾಗ ತಡವರಿಸುತ್ತಿತ್ತು. ಹತ್ತು ವರ್ಷದ ಕಂಪ್ಯೂಟರು; ಪರದೆಗೆ ಚಿತ್ರ ಬರೆಯುವ ಕಾರ್ಡೂ ಅಷ್ಟೇ ಹಳೆಯದು. ನನಗೆ ಸೊಟ್ಟ ಕಾಣುತ್ತಿಲ್ಲ ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅಪ್ಪನಿಗೆ ಕಂಡದ್ದು ನನಗೆ ಕಾಣದಿದ್ದರೆ ಕೊರತೆ ನನ್ನದೇ ಎಂಬುದು ಅಭ್ಯಾಸವಾಗಿಹೋಗಿತ್ತು.

"ಗ್ರಾಫಿಕ್ಸ್ ಕಾರ್ಡ್ ಹೋಗ್ತಿದೆ ಅನ್ಸುತ್ತೆ ಅಪ್ಪ. ಬದಲಾಯಿಸೋಣ" ಎಂದೆ.

ಬದಲಾಯಿಸೋಣ ಎಂದವಳು ಬದಲಾಯಿಸಲಿಲ್ಲ. ಕುಕ್ಕರ್ ಕೊಳ್ಳಲೂ ನಾಲ್ಕು ಅಂಗಡಿ ಹತ್ತಿ ಇಳಿಯುವ ಜಾತಿ ನನ್ನದು. ಇಂದಿರಾನಗರದ ವಿಮಾ ಕಚೇರಿಯಲ್ಲಿ ದಿನವಿಡೀ ಇನ್ನೊಬ್ಬರ ಕ್ಲೇಮುಗಳನ್ನು ಅನುಮಾನದಿಂದ ನೋಡಿ ನೋಡಿ ಆ ಗುಣ ಇನ್ನೂ ಗಟ್ಟಿಯಾಗಿದೆ. ಊಟದ ಬಿಡುವಿನಲ್ಲಿ ಕಾರ್ಡುಗಳ ಬಗ್ಗೆ ಓದಲು ಕುಳಿತೆ. ಹೊಸ ಕಾರ್ಡಿಗೆ ಹೆಚ್ಚು ಕರೆಂಟು ಬೇಕು, ಹಾಗಾಗಿ ಒಳಗಿನ ಪವರ್ ಸಪ್ಲೈ ಬದಲಾಗಬೇಕು. ಅಷ್ಟೆಲ್ಲ ಮಾಡಿದರೂ ಹಳೇ ಪ್ರೊಸೆಸರ್ ಅದರ ವೇಗಕ್ಕೆ ಬರುವುದಿಲ್ಲ. ಹಾಗಾದರೆ ಕಂಪ್ಯೂಟರನ್ನೇ ಹೊಸದು ತರಬಹುದಲ್ಲ? ತಂದರೆ ಅಪ್ಪ ಕೈಗೆ ರೂಢಿ ಮಾಡಿಕೊಂಡದ್ದೆಲ್ಲ ಮೊದಲಿನಿಂದ ಕಲಿಯಬೇಕು. ಸೆಕೆಂಡ್ ಹ್ಯಾಂಡ್ ಕೊಂಡರೆ ಹೇಗೆ? ಹಬ್ಬದ ಸೇಲ್ ಬರುವವರೆಗೆ ಕಾದರೆ ಹೇಗೆ? ಕಾದೆ.

ಈ ಮಧ್ಯೆ ಅಪ್ಪನಿಗೆ ಊರಿನಲ್ಲೆಲ್ಲ ತಪ್ಪು ಕಾಣತೊಡಗಿತ್ತು. ಪೇಪರಿನವರು ಮಸಿ ಉಳಿಸಲು ಅಕ್ಷರ ಅಳಿಸಿ ಹಾಕುತ್ತಿದ್ದಾರೆ ಎಂದ. ಬಚ್ಚಲುಮನೆಯ ಟೈಲ್ಸ್ ಕೂರಿಸಿದವನನ್ನು ಇಷ್ಟು ವರ್ಷದ ಮೇಲೆ ಬೈದ. ಎದುರು ಮನೆಯ ಹೊಸ ಗ್ರಿಲ್ಲಿನ ಕಂಬಿಗಳು ಬಾಗಿವೆ ಎಂದು ಅವರ ಗೇಟಿನವರೆಗೆ ಹೋಗಿ ಹೇಳಿಬಂದ. ಆ ಮನೆಯಾತ ಪಾಪ, ಅಪ್ಪನ ಮಾತಿಗೆ ಬೆಲೆ ಕೊಟ್ಟು ವೆಲ್ಡರನ್ನು ಮತ್ತೆ ಕರೆಸಿದ. ಒಬ್ಬರಿಗಾದರೂ ಬೇರೆ ಯೋಚನೆ ಬರಲಿಲ್ಲ. ನಾನಂತೂ ಎಲ್ಲದಕ್ಕೂ ತಲೆಯಾಡಿಸಿ ಕಾರ್ಡಿನ ಪುಟಕ್ಕೆ ಮರಳುತ್ತಿದ್ದೆ. ಒಂದು ಬೆಳಿಗ್ಗೆ ಅಪ್ಪ ವಿಮಾನವನ್ನು ರನ್‌ವೇ ಬಿಟ್ಟು ಪಕ್ಕದ ಹುಲ್ಲಿನ ಮೇಲೆ ಇಳಿಸಿದ. ಕಂಪ್ಯೂಟರ್ ಆರಿಸಿ ಎದ್ದುಹೋದ. ಮರುದಿನ ಕೂರಲೇ ಇಲ್ಲ. ಆಗ ನನಗೆ ಹೆದರಿಕೆಯಾಯಿತು, ಅದೂ ಅವನ ಬೇಸರದ ಬಗ್ಗೆ ಮಾತ್ರ.

ಆ ಶನಿವಾರ ಕಂಪ್ಯೂಟರಿನ ಡಬ್ಬವನ್ನು ಆಟೋದಲ್ಲಿ ಹಾಕಿಕೊಂಡು ಇಬ್ಬರೂ ಶಿವಾಜಿನಗರಕ್ಕೆ ಹೋದೆವು. ಬಸ್ ಸ್ಟ್ಯಾಂಡಿನ ಹಿಂದೆ, ಮೊದಲನೇ ಮಹಡಿಯಲ್ಲಿ ಒಂದು ರಿಪೇರಿ ಅಂಗಡಿ. ಅಂಗಡಿಯಾತ ತಾಳ್ಮೆಯ ಮನುಷ್ಯ. ಹಳೇ ಕಾರ್ಡ್ ಬಿಚ್ಚಿ, ತನ್ನ ಅಂಗಡಿಯ ಪವರ್ ಸಪ್ಲೈ ಕೊಟ್ಟು ಹೊಸ ಕಾರ್ಡೊಂದನ್ನು ಹಾಕಿದ. ಒಡೆದ ಅಂಚುಗಳು ಮಾಯವಾಗಿ ರನ್‌ವೇ ಕನ್ನಡಿಯ ಹಾಗೆ ಮೂಡಿತು.

"ಈಗ್ಲೂ ಸೊಟ್ಟಗೇ ಇದೆ" ಎಂದ ಅಪ್ಪ.

ಮಾನಿಟರ್ ಬದಲಾಯಿತು. ಕೇಬಲ್ ಬದಲಾಯಿತು. "ಸೀದಾ ಇದೆಯಲ್ಲ ಸಾರ್, ನೋಡಿ" ಎಂದು ಅಂಗಡಿಯಾತ ಬೆರಳಿಟ್ಟು ತೋರಿಸಿದ. ಅಪ್ಪ ಜೇಬಿನಿಂದ ತನ್ನ ಆರಿಂಚಿನ ಸ್ಟೀಲ್ ಸ್ಕೇಲ್ ತೆಗೆದ. ಕಾರ್ಖಾನೆ ಬಿಟ್ಟರೂ ಅದು ಅವನ ಜೇಬು ಬಿಟ್ಟಿರಲಿಲ್ಲ. ಅದನ್ನು ಪರದೆಯ ಗೆರೆಗೆ ತಾಗಿಸಿ ಹಿಡಿದು ಬಗ್ಗಿ ನೋಡಿದ. ತುಂಬ ಹೊತ್ತು ನೋಡಿದ. ಸ್ಕೇಲನ್ನು ತಿರುಗಿಸಿ ಹಿಡಿದ. ಆಮೇಲೆ ಕಿಟಕಿಯ ಬಳಿ ಹೋಗಿ, ಅದನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ, ಇನ್ನೊಂದು ಮುಚ್ಚಿ ನೋಡಿದ.

"ಕಾರ್ಡ್ ಬಿಚ್ಚಿಬಿಡಿ ಸ್ವಾಮಿ. ನಿಮ್ಮ ಮಾಲಲ್ಲಿ ಏನೂ ತಪ್ಪಿಲ್ಲ" ಎಂದ.

ನನಗೆ ಅರ್ಥವಾಗಲು ಆಟೋ ಹಲಸೂರು ಕೆರೆ ದಾಟಬೇಕಾಯಿತು. ಅಪ್ಪ ಬಾಯಿ ಬಿಟ್ಟದ್ದು ಅಲ್ಲಿ.

"ಸ್ಕೇಲೂ ಸೊಟ್ಟಗೆ ಕಾಣ್ತು ಕಣೇ. ಬಲಗಣ್ಣಲ್ಲಿ. ಪಾರ್ಟ್ ರಿಜೆಕ್ಟ್ ಮಾಡೋ ಮುಂಚೆ ಅಳೆಯೋ ಗೇಜ್ ಸರಿ ಇದ್ಯಾ ನೋಡ್ಬೇಕು. ಕೆಲಸಕ್ಕೆ ಸೇರಿದ ಹುಡುಗರಿಗೆಲ್ಲ ಮೊದಲ ದಿನ ಅದನ್ನೇ ಹೇಳ್ತಿದ್ದೆ. ನಾನೇ ನೋಡ್ಲಿಲ್ಲ."

ಅವನ ಎಡಗಣ್ಣು ಚಿಕ್ಕಂದಿನಿಂದಲೂ ಮಂದ. ಮೂವತ್ತೊಂದು ವರ್ಷ ದುಡಿದದ್ದು ಬಲಗಣ್ಣೊಂದೇ ಎಂಬುದು ನನಗೆ ಗೊತ್ತಾದದ್ದು ಸೋಮವಾರ, ಕಣ್ಣಿನ ಆಸ್ಪತ್ರೆಯಲ್ಲಿ.

ಡಾಕ್ಟರು ಸ್ಕ್ಯಾನ್ ತೋರಿಸಿದರು. ಕಣ್ಣಿನ ಹಿಂಭಾಗದ ಪದರದ ಕೆಳಗೆ ನೀರು ಸೋರಿ ಪದರ ಉಬ್ಬಿದೆ, ಅದಕ್ಕೇ ನೆಟ್ಟಗಿನದು ಬಾಗಿ ಕಾಣುವುದು ಎಂದರು.

"ಯಾವಾಗಿಂದ ಹೀಗೆ ಕಾಣ್ತಿದೆ ಸರ್?"

"ಒಂದ್ ಎಂಟು ದಿನ" ಎಂದ ಅಪ್ಪ.

ಬೆಚ್ಚಿಬಿದ್ದೆ. ಸೀಲಿನ ಪಕ್ಕ ಒಂದು ತಪ್ಪು ತಾರೀಕು ಬರೆದವನಲ್ಲ ಅವನು. ಮೇಲಧಿಕಾರಿ ಹೇಳಿದರೂ ಹಿಂದಿನ ದಿನದ ತಾರೀಕು ಹಾಕಲು ಒಪ್ಪದೆ ಪ್ರಮೋಷನ್ ಕಳೆದುಕೊಂಡದ್ದನ್ನು ಅಮ್ಮ ಸಾಯುವವರೆಗೂ ಆಡಿಕೊಂಡಿದ್ದಳು. ಅವನು ಸುಳ್ಳು ಹೇಳಿದ್ದು ನನಗಾಗಿ. ಅವನು ನನ್ನತ್ತ ತಿರುಗಲಿಲ್ಲ.

ಡಾಕ್ಟರು ಸ್ಕ್ಯಾನನ್ನೇ ಮತ್ತೆ ನೋಡಿದರು. "ಇದು ಎಂಟು ದಿನದ್ದಲ್ಲ ಸರ್."

"ಎರಡೂವರೆ ತಿಂಗಳು" ಎಂದೆ ನಾನು. ಮೊದಲ ಸಲ ಅವರಿಗೆ ಕೇಳಿಸಲಿಲ್ಲ, ಎರಡು ಸಲ ಹೇಳಬೇಕಾಯಿತು. ಅವರು ಬರೆದುಕೊಂಡರು. ಮೊದಲ ವಾರಗಳಲ್ಲೇ ಬಂದಿದ್ದರೆ ಎಂದು ಶುರುಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು.

ತಿಂಗಳಿಗೊಮ್ಮೆ ಕಣ್ಣಿಗೇ ಇಂಜೆಕ್ಷನ್ ಕೊಟ್ಟರು. ಸೋರುವುದು ನಿಂತಿತು. ಆದರೆ ಬಲಗಣ್ಣಿನ ನಡುವೆ ಒಂದು ಬೂದು ಕಲೆ ಉಳಿದುಬಿಟ್ಟಿದೆ. ಅಪ್ಪ ನೋಡಬೇಕೆಂದದ್ದು ಸರಿಯಾಗಿ ಆ ಕಲೆಯ ಹಿಂದೆ ಅಡಗುತ್ತದೆ. ಇನ್ನು ಆ ಮಂದ ಎಡಗಣ್ಣೇ ಗತಿ.

ನಾಲ್ಕನೇ ಇಂಜೆಕ್ಷನ್ ಆದ ವಾರ ಹೆದರುತ್ತಲೇ ಕೇಳಿದೆ, "ಅಪ್ಪ, ಆ ಕಾರ್ಡ್ ತರ್ಲಾ?"

"ತಗೊಂಡ್ಬಾ" ಎಂದ. "ಹಳೇದ್ರಲ್ಲಿ ಎಡಗಣ್ಣಿಗೆ ಏನೂ ಸಿಗ್ತಿಲ್ಲ."

ಅಂದೇ ಮಧ್ಯಾಹ್ನ ರಜೆ ಹಾಕಿ ಶಿವಾಜಿನಗರಕ್ಕೆ ಹೋದೆ. ಎರಡನೇ ಅಂಗಡಿಯ ಮುಖ ನೋಡಲಿಲ್ಲ. ಅಂಗಡಿಯಾತ ಮನೆಗೇ ಬಂದು ಕಾರ್ಡು, ಪವರ್ ಸಪ್ಲೈ ಎರಡನ್ನೂ ಜೋಡಿಸಿಕೊಟ್ಟು ಹೋದ.

ಮರುದಿನ ಬೆಳಿಗ್ಗೆ ಅಪ್ಪ ಕುರ್ಚಿ ಎಳೆದುಕೊಂಡು ಕೂತ. ಮುಖವನ್ನು ಕೊಂಚ ಪಕ್ಕಕ್ಕೆ ತಿರುಗಿಸಿ ಪರದೆ ನೋಡಿದ. ರನ್‌ವೇ ಹತ್ತಿರವಾಗುತ್ತಿತ್ತು.

"ನೀನು ನೋಡಿ ಹೇಳು. ಸೀದಾ ಇದ್ಯಾ?"

"ಇದೆ ಅಪ್ಪ."

"ಸರಿ" ಎಂದು ಇಳಿಸತೊಡಗಿದ. ಇನ್ನೊಂದು ಸಲ ಕೇಳಲಿಲ್ಲ, ತಾನೇ ಬಗ್ಗಿ ಪರೀಕ್ಷಿಸಲೂ ಇಲ್ಲ. ನಾನು ಅಡುಗೆಮನೆಗೆ ಹೋಗಿ, ನಲ್ಲಿ ಜೋರಾಗಿ ತಿರುಗಿಸಿ ಅತ್ತೆ.