ಕರಾಚಿಯ ಮನೆಗೊಂದು ನೆಲಮಾಳಿಗೆ

ಮಸ್ಕತ್ತಿನ ಒಂದು ಕನ್ಸಲ್ಟಿಂಗ್ ಕಚೇರಿಯಲ್ಲಿ ನಾನು ಹದಿನೇಳು ವರ್ಷ ಡ್ರಾಫ್ಟ್ಸ್‌ಮನ್ ಆಗಿದ್ದೆ. ರಸ್ತೆ, ಚರಂಡಿ, ಸಣ್ಣ ಜೆಟ್ಟಿಗಳ ನಕ್ಷೆ ಬರೆಯುವ ಕೆಲಸ. ಕಂಪ್ಯೂಟರ್ ಬಂದ ಮೇಲೂ ಇಬ್ಬರ ಬೋರ್ಡುಗಳನ್ನು ಮಾತ್ರ ಉಳಿಸಿಕೊಂಡಿದ್ದರು. ಒಂದು ನನ್ನದು, ಪಕ್ಕದ್ದು ಕರಾಚಿಯವನದು. ಟ್ರೇಸಿಂಗ್ ಕಾಗದದ ಮೇಲೆ ನನ್ನ ಅಕ್ಷರ ಕಂಡವರು ಅಚ್ಚಿನದೋ ಕೈಯದೋ ಎಂದು ಕೇಳುತ್ತಿದ್ದರು. ಹಾಗೆ ಕೇಳಿಸಿಕೊಳ್ಳುವುದೆಂದರೆ ನನಗೆ ಎಲ್ಲಿಲ್ಲದ ಜಂಬ. ಈಗ ಬರೆಯುತ್ತಿರುವುದು ಆ ಜಂಬ ನನ್ನಿಂದ ಮಾಡಿಸಿದ ಒಂದು ಕೆಲಸದ ವಿಚಾರ.

ಕರಾಚಿಯವನು ನನಗಿಂತ ಎರಡು ವರ್ಷ ದೊಡ್ಡವನು. ಎಂಬತ್ತೇಳರಿಂದ ನಾವು ಅಕ್ಕಪಕ್ಕ ಕೂತವರು. ನನ್ನ ಹರಕು ಹಿಂದಿಯನ್ನು ಮಾತಾಡುವ ಮಟ್ಟಕ್ಕೆ ತಂದವನು ಅವನೇ. ನನ್ನ ಸಂಸಾರ ಮಸ್ಕತ್ತಿನಲ್ಲೇ, ಅಲ್ ಅಜೈಬಾದಲ್ಲಿ ನನ್ನ ಜೊತೆಗಿತ್ತು, ಅವನ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳು ಊರಿನಲ್ಲಿದ್ದರು. ನನ್ನ ಹೆಂಡತಿ ನೀರುದೋಸೆ ಮಾಡಿದ ದಿನ ಅವನ ಪಾಲೂ ನನ್ನ ಡಬ್ಬಿಯಲ್ಲಿರುತ್ತಿತ್ತು. ಅದನ್ನು ಅವನು ಕರವಸ್ತ್ರ ಮಡಚಿದ ಹಾಗೆ ಮಡಚಿ ಒಂದೇ ತುತ್ತಿಗೆ ನುಂಗುತ್ತಿದ್ದ.

ಗಲ್ಫಿಗೆ ಹೋದವರೆಲ್ಲ ಊರಿನಲ್ಲಿ ಮನೆ ಕಟ್ಟಿಸುತ್ತಾರೆ. ನಮ್ಮಂಥವರಿಗೆ ನಕ್ಷೆಗೆ ಬೇರೆಯವರ ಹತ್ತಿರ ಹೋಗುವ ಗರಜಿಲ್ಲ. ಆದರೆ ಅವನದೊಂದು ನಿಯಮವಿತ್ತು. ತನ್ನ ಮನೆಯನ್ನು ತಾನೇ ಬರೆಯಬಾರದು, ಆಸೆಗೆ ಗೆರೆ ಉದ್ದವಾಗುತ್ತದೆ ಎನ್ನುತ್ತಿದ್ದ. ಹಾಗಾಗಿ ಉಡುಪಿಯ ನನ್ನ ಮನೆಯನ್ನು ಅವನು ಬರೆದ, ಕರಾಚಿಯ ಅವನ ಮನೆಯನ್ನು ನಾನು ಬರೆದೆ. ಊಟದ ವಿರಾಮದಲ್ಲಿ ಒಂದು ಇಡೀ ಚಳಿಗಾಲ ಅದೇ ಕೆಲಸ. ಹುಡುಗಿಯರ ಕೋಣೆಯ ಕಿಟಕಿ ಯಾವ ಕಡೆ ಇರಬೇಕು ಎಂದು ಮೂರು ಸಲ ಜಗಳವಾಡಿದ್ದೇವೆ. ಸಮುದ್ರದ ಗಾಳಿ ಬರಲಿ ಎಂದು ನಾನು ನೈಋತ್ಯಕ್ಕೆ ಇಟ್ಟೆ. ನಿವೇಶನ ಎಲ್ಲಿದೆ ಎಂದು ತೋರಿಸಲು ಅವನು ಕರಾಚಿಯ ದೊಡ್ಡ ನಕ್ಷೆಯೊಂದನ್ನು ತಂದು, ಕೆಂಪು ಪೆನ್ಸಿಲ್ಲಿನಲ್ಲಿ ಚುಕ್ಕೆ ಹಾಕಿ ಕೊಟ್ಟಿದ್ದ. ಮನೆ ಎದ್ದು ನಿಂತ ಮೇಲೂ ಆ ನಕ್ಷೆ ನನ್ನ ಡ್ರಾಯರಿನಲ್ಲೇ ಉಳಿದಿತ್ತು.

ತೊಂಬತ್ತೆಂಟರ ಮೇ ತಿಂಗಳಲ್ಲಿ ನಮ್ಮ ದೇಶ ಮರುಭೂಮಿಯಲ್ಲಿ ಬಾಂಬು ಪರೀಕ್ಷೆ ಮಾಡಿತು. ಕಚೇರಿಯಲ್ಲಿ ನಮ್ಮವರ ಮುಖದ ಮೇಲೆ ಮದುವೆ ಮನೆಯ ಕಳೆ. ಕರಾಚಿಯವನು ಆಗ ಜೆಟ್ಟಿಯ ಅಳತೆಗೆಂದು ಉತ್ತರದ ಖಸಬ್ ಬಂದರಿಗೆ ಹೋಗಿದ್ದ. ನಮ್ಮ ಅಕೌಂಟೆಂಟ್, ಮಂಗಳೂರಿನವನು, ಒಂದು ಇಂಗ್ಲಿಷ್ ವಾರಪತ್ರಿಕೆ ಹಿಡಿದುಕೊಂಡು ನನ್ನ ಮೇಜಿಗೆ ಬಂದ. ಬಾಂಬು ಬಿದ್ದರೆ ಎಲ್ಲಿಯವರೆಗೆ ಏನಾಗುತ್ತದೆ ಎಂದು ಅದರಲ್ಲಿ ವೃತ್ತಗಳ ಚಿತ್ರವಿತ್ತು.

"ಹೋಯ್, ಇದನ್ನೊಮ್ಮೆ ಕರಾಚಿಯ ಮೇಲೆ ಕೂರಿಸಿ ತೋರಿಸು ಮಾರಾಯ" ಎಂದ. "ನಿನ್ನ ಕೈಯಲ್ಲಿ ಬರೆದದ್ದಾದ್ರೆ ನೋಡ್ಲಿಕ್ಕೆ ಚಂದ ಉಂಟು."

ಆ ಕೊನೆಯ ಮಾತಿಗೆ ನಾನು ಬಿದ್ದೆ. ಡ್ರಾಯರಿನಿಂದ ಅದೇ ನಕ್ಷೆ ತೆಗೆದು ಮೇಲೆ ಟ್ರೇಸಿಂಗ್ ಕಾಗದ ಹಾಸಿದೆ. ಬಂದರಿನ ಹತ್ತಿರ ಕೈವಾರದ ಮೊನೆ ಊರಿ ಮೂರು ವೃತ್ತ ಎಳೆದೆ. ವಿಷದ ಧೂಳು ಗಾಳಿಯ ಜೊತೆ ಹೋಗುವ ದಾರಿ ಎಂದು ಪತ್ರಿಕೆಯಲ್ಲಿ ತೋರಿಸಿದ್ದ ಉದ್ದನೆಯ ಬಾಲವನ್ನೂ ಬರೆದೆ. ನೈಋತ್ಯದಿಂದ ಗಾಳಿ ಬೀಸುವ ಕಾಲ, ಹಾಗಾಗಿ ಬಾಲ ಈಶಾನ್ಯಕ್ಕೆ. ಕಾಗದದ ಕೆಳಗಿನಿಂದ ಕೆಂಪು ಚುಕ್ಕೆ ಕಾಣುತ್ತಿತ್ತು. ಎರಡನೆಯ ವೃತ್ತದೊಳಗೆ ಇತ್ತು. ನಾನು ಕೈ ನಿಲ್ಲಿಸಲಿಲ್ಲ. ಶೀರ್ಷಿಕೆ, ಸ್ಕೇಲು, ಉತ್ತರ ದಿಕ್ಕಿನ ಬಾಣ, ಎಲ್ಲವನ್ನೂ ಕಚೇರಿಯ ಕೆಲಸದಷ್ಟೇ ಶ್ರದ್ಧೆಯಿಂದ ಬರೆದೆ. ಅಕೌಂಟೆಂಟ್ ಅದನ್ನು ಚಹಾ ಮಾಡುವ ಕೋಣೆಯ ಗೋಡೆಗೆ ಅಂಟಿಸಿದ. ಮೂರು ದಿನ ಜನ ಬಂದು ನೋಡಿ ಹೊಗಳಿದರು. ಕರಾಚಿಯವನು ಬರುವುದರೊಳಗೆ ತೆಗೆಯಬೇಕು ಎಂದು ನನಗೆ ಹೊಳೆಯದೆ ಇರಲಿಲ್ಲ. ಹೊಗಳಿಕೆ ಇನ್ನೂ ಮುಗಿದಿರಲಿಲ್ಲ, ಅದಕ್ಕೇ ತೆಗೆಯಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ, ಖಸಬ್‌ನಿಂದ ಮರಳಿದ ಅವನು ಚಹಾ ಮಾಡಿಕೊಳ್ಳಲು ಒಳಗೆ ಹೋದ. ಹೊರಬಂದಾಗ ಕೈಯಲ್ಲಿ ಆ ಕಾಗದವಿತ್ತು. ನನ್ನ ಬೋರ್ಡಿನ ಮೇಲೆ ಹರಡಿದ.

"ಅಕ್ಷರ ಚೆನ್ನಾಗಿದೆ" ಎಂದ, ಹಿಂದಿಯಲ್ಲಿ. ಆಮೇಲೆ ಎರಡನೆಯ ವೃತ್ತದೊಳಗೆ ಬೆರಳಿಟ್ಟ. "ನಮ್ಮ ಮನೆ ಇಲ್ಲಿ. ನಿನಗೆ ಕಂಡಿತ್ತಾ?"

"ಕಂಡಿತ್ತು" ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಅವನ ಬೆರಳು ಬಾಲದ ಉದ್ದಕ್ಕೂ ಸರಿದು ಕಾಗದದ ಅಂಚಿಗೆ ಬಂದು ನಿಂತಿತು. "ಗಾಳಿ ಸರಿಯಾಗಿಯೇ ಬರೆದಿದ್ದೀಯ ಭಾಯಿ. ಕಾಗದ ಸಾಲದೆ ಹೋಯಿತು, ಅಷ್ಟೇ. ಇನ್ನೊಂದು ಹಾಳೆ ಅಂಟಿಸಿದರೆ ಇದು ನಿಮ್ಮ ದೇಶದೊಳಗೆ ಹೋಗುತ್ತದೆ." ಕಾಗದವನ್ನು ಸುರುಳಿ ಸುತ್ತಿ ತನ್ನ ಮೇಜಿನ ಕೆಳಗಿಟ್ಟ. ಆ ದಿನ ಮತ್ತೆ ಮಾತಾಡಲಿಲ್ಲ, ಮರುದಿನವೂ ಇಲ್ಲ.

ಮನೆಯಲ್ಲಿ ನನಗೆ ಅನ್ನ ಇಳಿಯುತ್ತಿರಲಿಲ್ಲ. ಹೆಂಡತಿ ಬಿಡದೆ ಕೇಳಿದಾಗ ಹೇಳಿದೆ.

"ಹೋಗಿ ತಪ್ಪಾಯ್ತು ಅಂತ ಹೇಳಿ" ಎಂದಳು. "ಅಷ್ಟೂ ಹೇಳ್ಲಿಕ್ಕೆ ಆಗುದಿಲ್ವಾ ನಿಮ್ಗೆ? ಆ ಮಕ್ಕಳ ಕೋಣೆ ಬರ್ದದ್ದು ನೀವೇ ಅಲ್ವಾ?"

ನನಗೆ ಆಗಲಿಲ್ಲ. ಅದರ ಬದಲು ಅಕೌಂಟೆಂಟನ ಹತ್ತಿರ ಆ ಪತ್ರಿಕೆ ಕೇಳಿ ತಂದು ಓದಿದೆ. ಚಿತ್ರ ನಕಲು ಮಾಡಿದ ನಾನು ಅದರ ಕೆಳಗಿನ ಬರಹವನ್ನು ಅಲ್ಲಿಯವರೆಗೆ ಓದಿಯೇ ಇರಲಿಲ್ಲ. ಮೊದಲ ವೃತ್ತದೊಳಗೆ ಏನೂ ಉಳಿಯುವುದಿಲ್ಲ. ಎರಡನೆಯದರಲ್ಲಿ ಗೋಡೆಗಳು ಬೀಳುತ್ತವೆ, ಬೆಂಕಿ ಮನೆಯಿಂದ ಮನೆಗೆ ಹಬ್ಬಿ ಒಂದೇ ಬೆಂಕಿಯಾಗುತ್ತದೆ. ನೆಲದಡಿ ಅಡಗಿ ಕೂತವರ ಉಸಿರಿನ ಗಾಳಿಯನ್ನೂ ಅದೇ ಎಳೆದುಕೊಳ್ಳುತ್ತದೆ, ಅವರು ಕೂತ ಕೋಣೆ ಒಲೆಯಾಗುತ್ತದೆ. ದೂರದಲ್ಲಿ ಬದುಕಿ ಉಳಿದವರ ಮೇಲೆ ಧೂಳು ಇಳಿಯುತ್ತದೆ. ಹುಲ್ಲಿನಿಂದ ಹಸುವಿಗೆ, ಹಾಲಿನಿಂದ ಮಕ್ಕಳ ಮೂಳೆಗೆ. ಮಳೆ ಬಂದರೆ ಕೆರೆ ಬಾವಿಗಳಿಗೆ. ಇನ್ನೂ ಹುಟ್ಟದ ಮಕ್ಕಳನ್ನೂ ಅದು ಬಿಡುವುದಿಲ್ಲ. ಮೂರು ಗೆರೆ ಎಳೆಯಲು ನನಗೆ ಒಂದು ಗಂಟೆಯೂ ಹಿಡಿದಿರಲಿಲ್ಲ. ಆವತ್ತಿನಿಂದ ಎಲ್ಲಿ ನಕ್ಷೆ ಕಂಡರೂ ಅದರ ಮೇಲೆ ಆ ವೃತ್ತಗಳು ಕಾಣತೊಡಗಿದವು. ಮಗನ ಶಾಲೆಯ ಅಟ್ಲಾಸಿನಲ್ಲಿ, ಬಸ್ಸಿನ ನಕ್ಷೆಯಲ್ಲಿ, ಕೊನೆಗೆ ಉಡುಪಿಯ ಮೇಲೂ. ಕಣ್ಣು ತಾನಾಗಿ ನನ್ನ ಮನೆ ಎಷ್ಟನೆಯದರಲ್ಲಿದೆ ಎಂದು ಹುಡುಕುತ್ತಿತ್ತು.

ಎರಡು ವಾರದಲ್ಲಿ ಅವರ ದೇಶವೂ ಬೆಟ್ಟದೊಳಗೆ ಬಾಂಬು ಸಿಡಿಸಿತು. ಅವರ ಕಡೆಯವರು ಮಿಠಾಯಿ ಹಂಚಿದರು. ನಮ್ಮ ಅಕೌಂಟೆಂಟ್ ತಲೆ ತಗ್ಗಿಸಿ ತನ್ನ ಕೆಲಸ ನೋಡಿಕೊಂಡ. ಕರಾಚಿಯವನು ಮಿಠಾಯಿ ಮುಟ್ಟಿದ್ದನ್ನು ನಾನು ನೋಡಲಿಲ್ಲ. ಅದಾದ ಮೂರನೆಯ ದಿನ ಊಟದ ವಿರಾಮದಲ್ಲಿ ಅವನು ತನ್ನ ಮನೆಯ ಹಳೆಯ ನಕ್ಷೆ ತಂದು ನನ್ನೆದುರು ಬಿಚ್ಚಿದ.

"ಭಾಯಿ, ಇಸ್‌ಕೇ ನೀಚೇ ಏಕ್ ಕಮ್ರಾ ಬನಾ ದೋ" ಎಂದ, ಇದರ ಕೆಳಗೊಂದು ಕೋಣೆ ಮಾಡಿಕೊಡು ಎಂದು.

ಹೆಂಡತಿ ದಿನವೂ ಫೋನು ಮಾಡಿ ಅಳುತ್ತಾಳಂತೆ. ಚಿಕ್ಕವಳು ಶಾಲೆಗೆ ಹೋಗಲು ಹೆದರುತ್ತಾಳಂತೆ. ಮನೆಯ ಕೆಳಗೊಂದು ನೆಲಮಾಳಿಗೆ ಮಾಡಿಸಿದರೆ ಮೂವರೂ ಅಲ್ಲಿರಬಹುದು. "ಎಲ್ಲಿಯವರೆಗೆ ಏನಾಗುತ್ತದೆ ಎಂದು ನೀನೇ ಬರೆದಿದ್ದೀಯ. ಗೋಡೆ ಎಷ್ಟು ದಪ್ಪ ಬೇಕು, ನೀನೇ ಹೇಳು. ನನ್ನ ಮಕ್ಕಳು ಉಳಿಯುವ ಹಾಗೆ ಬರೆ."

ಆಗಲೇ ಹೇಳಬೇಕಿತ್ತು, ಉಳಿಯುವ ಹಾಗೆ ಬರೆಯಲು ಯಾರಿಗೂ ಬರುವುದಿಲ್ಲ ಎಂದು. ಆದರೆ ಹದಿನೇಳು ದಿನದ ಮೇಲೆ ಅವನು ನನ್ನ ಮುಖ ನೋಡಿ ಮಾತಾಡಿದ್ದ. ನಾನು ಪೆನ್ಸಿಲ್ ತೆಗೆದುಕೊಂಡೆ. ಗೋಡೆ ಎರಡರಷ್ಟು ದಪ್ಪ ಮಾಡಿದೆ. ಚಾವಣಿಯ ಮೇಲೆ ಮಣ್ಣು ತುಂಬಲು ಜಾಗ ಬಿಟ್ಟೆ. ಇಳಿಯುವ ಮೆಟ್ಟಿಲನ್ನು ಎರಡು ಕಡೆ ತಿರುಗಿಸಿದೆ. ಗಾಳಿಯ ಕೊಳವೆಗೆ ಬಂದಾಗ ಕೈ ನಿಂತಿತು. ಬಾಯಿ ತೆರೆದಿಟ್ಟರೆ ಧೂಳು ಬರುತ್ತದೆ, ಮುಚ್ಚಿದರೆ ಮೂವರಿಗೆ ಉಸಿರಿಲ್ಲ. ಹೊರಗೆ ಬೆಂಕಿಯಿದ್ದರೆ ಎರಡೂ ಒಂದೇ.

"ಯಾಕೆ ನಿಲ್ಲಿಸಿದೆ?" ಎಂದು ಕೇಳಿದ.

"ಬಾಯಿ ಕೆಳಕ್ಕೆ ಬಗ್ಗಿಸಿದರೆ ಸರಿಯಾಗುತ್ತದೆ" ಎಂದು ಹೇಳಿ ಹಾಗೆಯೇ ಬರೆದೆ. ಅವನು ನಂಬಿದ. ಹನ್ನೊಂದು ವರ್ಷ ಪಕ್ಕದಲ್ಲಿ ಕೂತವನ ಗೆರೆಯನ್ನು ಯಾರು ನಂಬುವುದಿಲ್ಲ? ಮರುದಿನ ಇಂಕಿನಲ್ಲಿ ಬರೆದು ಕೊಟ್ಟೆ. ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಬರೆದಿರಲಿಲ್ಲ, ಅದು ನನಗೆ ಇವತ್ತಿಗೂ ನಾಚಿಕೆ.

ಮರುವರ್ಷ ಅವನು ಎರಡು ತಿಂಗಳ ರಜೆ ಹಾಕಿ ಹೋಗಿ ನೆಲಮಾಳಿಗೆ ಕಟ್ಟಿಸಿ ಬಂದ. ಬಂದ ದಿನ ಅವನ ಮುಖ ಹಗುರಾಗಿತ್ತು. ಫೋಟೋ ತೋರಿಸಿದ. ಮಣ್ಣಿನ ಕೆಳಗಿನ ಆ ಕೋಣೆಯಲ್ಲಿ ಇಬ್ಬರು ಹುಡುಗಿಯರು ಚಾಪೆಯ ಮೇಲೆ ಪುಸ್ತಕ ಹರಡಿಕೊಂಡು ಕೂತಿದ್ದರು. ಸೆಕೆಗೆ ಅಲ್ಲಿ ತಂಪಂತೆ, ಮಲಗುವುದೂ ಅಲ್ಲೇ ಅಂತೆ. ಚಿಕ್ಕವಳು ಈಗ ಹೆದರುವುದಿಲ್ಲ, ಹೆಂಡತಿ ನಿನಗೆ ಒಳ್ಳೆಯದಾಗಲಿ ಎಂದು ದುವಾ ಮಾಡುತ್ತಾಳೆ ಎಂದ. ಕೊಳವೆಯ ಬಗ್ಗಿದ ಬಾಯಿ ಇನ್ನೊಂದು ಫೋಟೋದಲ್ಲಿ, ಅಂಗಳದ ಮೂಲೆಯಲ್ಲಿ ಕಾಣುತ್ತಿತ್ತು. ನಾನು ಅದರಿಂದ ಕಣ್ಣು ಕೀಳಲಾರದೆ ಹೋದೆ.

"ಈಗ ನನ್ನ ಸರದಿ" ಎಂದು ಅವನು ತನ್ನ ಬೋರ್ಡಿಗೆ ಹೊಸ ಹಾಳೆ ಹಚ್ಚಿದ. "ಉಡುಪಿಯ ನಿನ್ನ ಮನೆಗೂ ಒಂದು ಬರೆದುಕೊಡುತ್ತೇನೆ. ನಿನಗೂ ಮಗನಿದ್ದಾನೆ."

"ಬೇಡ" ಎಂದುಬಿಟ್ಟೆ. ಯೋಚಿಸುವ ಮೊದಲೇ ಬಾಯಿಂದ ಬಂದಿತ್ತು.

"ಯಾಕೆ?"

ಏನಾದರೂ ಹೇಳಬಹುದಿತ್ತು. ನೀರು ಒಸರುವ ನೆಲ, ಉಡುಪಿಯ ಮಳೆ, ಏನು ಬೇಕಾದರೂ. ಎಲ್ಲವೂ ನಿಜವೇ. ಅದರ ಬದಲು ನನ್ನ ಕಣ್ಣು ಮತ್ತೆ ಫೋಟೋದಲ್ಲಿನ ಕೊಳವೆಯ ಬಾಯಿಗೆ ಹೋಯಿತು. ಅವನೂ ನೋಡಿದ. ಅರ್ಥವಾಗುತ್ತಾ ಹೋದದ್ದು ಅವನ ಮುಖದ ಮೇಲೆ ಕಾಣುತ್ತಿತ್ತು. ಮೊದಲು ನಗು ಹೋಯಿತು, ಆಮೇಲೆ ಬಣ್ಣ. ಅವನು ಸಿಟ್ಟಾಗಲಿ, ಹೊಡೆಯಲಿ ಎಂದು ನಾನು ಕಾದೆ.

ಅವನು ಫೋಟೋಗಳನ್ನು ಒಂದೊಂದಾಗಿ ಲಕೋಟೆಗೆ ಹಾಕಿದ. ಕೊನೆಯದನ್ನು ಹಾಕುವ ಮೊದಲು ಹುಡುಗಿಯರನ್ನು ಬಹಳ ಹೊತ್ತು ನೋಡಿದ.

"ಮನೆಯಲ್ಲಿ ಹೇಳುವುದಿಲ್ಲ" ಎಂದ. "ಮಕ್ಕಳು ಅಲ್ಲಿ ನಿದ್ದೆ ಮಾಡುತ್ತಾರೆ."