ಗುಲಗಂಜಿ ಕಣ್ಣಿನ ಗೊಂಬೆ

ನಮ್ಮ ಮನೆಯಲ್ಲಿ ಸಿಟ್ಟು ಬೇಗ ಬರುವುದು ನನಗೆ, ಬಂದ ಸಿಟ್ಟು ಹೋಗದೆ ಉಳಿಯುವುದು ಅತ್ತಿಗೆಗೆ. ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ. ತಮ್ಮ ಗಂಡ ತೀರಿಕೊಂಡ ಮೇಲೆ ಕಾಸರಗೋಡಿನ ಕಡೆಯ ಕಾರಡ್ಕದ ನಮ್ಮ ಮನೆಗೆ ಬಂದು ನಿಂತವರು. ರಸ್ತೆ ಬದಿಯ ಮುಂದಿನ ಕೋಣೆಯಲ್ಲಿ ನಮ್ಮದು ಎರಡು ಹೊಲಿಗೆ ಯಂತ್ರಗಳಿವೆ. ಒಂದರಲ್ಲಿ ನಾನು ಪುಟ್ಟ ಮಕ್ಕಳ ಅಂಗಿ, ಫ್ರಾಕು ಹೊಲಿಯುತ್ತೇನೆ. ಇನ್ನೊಂದು ಅತ್ತಿಗೆಯದು, ಆದರೆ ಅವರು ಯಂತ್ರವನ್ನು ನಂಬುವ ಪೈಕಿ ಅಲ್ಲ. ಅದರ ಮೇಲೆ ಬಟ್ಟೆಯ ಗಂಟು ಇಟ್ಟುಕೊಂಡು ಪಕ್ಕದಲ್ಲಿ ಕೈಸೂಜಿ ಹಿಡಿದು ಕೂರುತ್ತಾರೆ. ನನ್ನ ಫ್ರಾಕುಗಳಿಂದ ಉಳಿದ ತುಂಡುಗಳಲ್ಲಿ ಬೂರುಗದ ಹತ್ತಿ ತುಂಬಿ ಗೊಂಬೆ ಮಾಡುತ್ತಾರೆ.

ಆ ಗೊಂಬೆಗಳ ವಿಶೇಷ ಇದ್ದದ್ದು ಕಣ್ಣಿನಲ್ಲಿ. ಗುಲಗಂಜಿಯ ಕಣ್ಣು. ಕೆಂಪು ಬೀಜ, ತುದಿಗೆ ಕಪ್ಪು ಬೊಟ್ಟು. ಬೀಜವನ್ನು ಎರಡು ದಿನ ನೀರಿನಲ್ಲಿ ನೆನೆಸಿ, ಕಾಯಿಸಿದ ಸೂಜಿಯಿಂದ ತೂತು ಮಾಡಿ, ಕಪ್ಪು ದಾರ ಪೋಣಿಸಿ ಮುಖಕ್ಕೆ ಬಿಗಿಯುತ್ತಿದ್ದರು. ಅವರ ಅಮ್ಮ, ಅಂದರೆ ನನ್ನ ಅತ್ತೆ, ಹುಟ್ಟಿದ ಮಗುವಿನ ಕೈಗೆ ದೃಷ್ಟಿಯಾಗದಿರಲೆಂದು ಗುಲಗಂಜಿ ಪೋಣಿಸಿ ಕಟ್ಟುತ್ತಿದ್ದರಂತೆ. ಅತ್ತಿಗೆ ಅದನ್ನೇ ಗೊಂಬೆಗೆ ತಂದರು. ಮಗುವಿಗೆ ಬೀಳುವ ದೃಷ್ಟಿಯನ್ನು ಗೊಂಬೆ ನೋಡಿಕೊಳ್ಳಲಿ ಎಂಬುದು ಅವರ ಲೆಕ್ಕಾಚಾರ. ಗೊಂಬೆ ಮಾತ್ರ ಯಾರ ಮೇಲೋ ಸಿಟ್ಟು ಮಾಡಿಕೊಂಡ ಹಾಗೆ ಕೆಂಗಣ್ಣು ಬಿಟ್ಟು ನೋಡುತ್ತಿತ್ತು. ಅದನ್ನು ನೋಡಿ ನಾಯ್ಮಾರ್ಮೂಲೆಯ ಅಂಗಡಿಯವರು ನನಗೆ, "ಇದು ಥೇಟ್ ನಿಮ್ಮದೇ ಮುಖ ಮಾರಾಯ್ರೆ, ಅತ್ತಿಗೆ ನಿಮ್ಮನ್ನು ನೋಡಿಯೇ ಮಾಡಿದ್ದು" ಎಂದು ತಮಾಷೆ ಮಾಡುತ್ತಿದ್ದರು. ಮಕ್ಕಳ ಬಟ್ಟೆಯ ಅಂಗಡಿ ಅವರದು. ನನ್ನ ಫ್ರಾಕು, ಅತ್ತಿಗೆಯ ಗೊಂಬೆ ಎರಡೂ ಅಲ್ಲಿಯೇ ಮಾರಾಟವಾಗುತ್ತಿದ್ದವು.

ಹೋದ ವರ್ಷ ಮಳೆ ಬಿಟ್ಟ ಮೇಲೆ ಒಂದು ದಿನ ಆ ಅಂಗಡಿಯವರು ಫ್ರಾಕುಗಳನ್ನು ಇಳಿಸಿಕೊಂಡು ಗೊಂಬೆಯ ಚೀಲವನ್ನು ಹಾಗೆಯೇ ನನ್ನ ಕೈಗೆ ಕೊಟ್ಟರು.

"ಇದು ಇನ್ನು ಬೇಡ. ಆಟದ ಸಾಮಾನಿಗೆಲ್ಲ ಈಗ ಸರಕಾರದ ಸುರಕ್ಷತೆ ಮಾರ್ಕ್ ಬೇಕು. ಪೇಟೆಯಲ್ಲಿ ಒಂದು ಅಂಗಡಿಗೆ ಆಫೀಸಿನವರು ಬಂದು ಮಾರ್ಕ್ ಇಲ್ಲದ್ದನ್ನೆಲ್ಲ ಪೆಟ್ಟಿಗೆ ಕಟ್ಟಿ ತೆಗೊಂಡು ಹೋಗಿದ್ದಾರೆ. ನಂಗೆ ಹೆದರಿಕೆ ಉಂಟು."

"ಇದು ಬಟ್ಟೆ ಗೊಂಬೆ. ಕಾರ್ಖಾನೆಯ ಪ್ಲಾಸ್ಟಿಕ್ ಅಲ್ಲ" ಎಂದೆ.

"ನಂಗೆ ಗೊತ್ತುಂಟು. ಕಾಗದಕ್ಕೆ ಗೊತ್ತಿಲ್ಲ ಅಲ್ವಾ?"

ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಆ ನಿಯಮಗಳನ್ನು ಓದುತ್ತಾ ಬಂದೆ. ಗೊಂಬೆಗೆ ಬೆಂಕಿ ಹಿಡಿಸಿ ನೋಡಬೇಕಂತೆ. ಕೈಕಾಲು, ಕಣ್ಣು ಎಳೆದು ನೋಡಬೇಕಂತೆ. ಬಣ್ಣದಲ್ಲಿ ಸೀಸ ಉಂಟಾ ಎಂದು ಪರೀಕ್ಷಿಸಬೇಕಂತೆ. ಇದನ್ನೆಲ್ಲ ಮಾಡಲು ತಯಾರಕರ ಜಾಗದಲ್ಲಿಯೇ ಪ್ರಯೋಗಾಲಯ ಇರಬೇಕಂತೆ. ನಮ್ಮ ಕೋಣೆಯಲ್ಲಿ ಇಸ್ತ್ರಿಯ ಮೇಜು ಬಿಡಿಸಿದರೆ ಕುರ್ಚಿಯನ್ನು ಜಗಲಿಗೆ ಹಾಕಬೇಕು. ಅಲ್ಲಿ ಪ್ರಯೋಗಾಲಯ ಎಲ್ಲಿ ಇಡಲಿ, ನನ್ನ ತಲೆಯ ಮೇಲಾ? ಸಾವಿರಗಟ್ಟಲೆ ಅಚ್ಚು ಹಾಕುವವನಿಗೂ ವಾರಕ್ಕೆ ನಾಲ್ಕು ಗೊಂಬೆ ಹೊಲಿಯುವ ಹೆಂಗಸಿಗೂ ಒಂದೇ ನಿಯಮ ಬರೆದವರು ಯಾರು ಎಂದು ಪಕ್ಕದಲ್ಲಿ ಕೂತವರನ್ನು ಕೇಳಿದೆ. ಆ ಪಾಪದವರು ಮುಂದಿನ ಸ್ಟಾಪಿನಲ್ಲಿ ಇಳಿದರು.

ಬಟ್ಟೆಯ ವಿಷಯದಲ್ಲಿ ನಾನು ಇಂಥ ಮಾತು ಮೊದಲೇ ಕೇಳಿದ್ದೆ. ದುಬೈಯಲ್ಲಿರುವ ಒಬ್ಬರು ಫ್ರಾಕು ತರಿಸಿಕೊಳ್ಳುವಾಗ ಕುತ್ತಿಗೆಗೆ ಕಟ್ಟುವ ದಾರ ಬೇಡ, ಎಲ್ಲಿಯಾದರೂ ಸಿಕ್ಕಿಕೊಂಡರೆ ಮಗುವಿಗೆ ಉರುಳಾಗುತ್ತದೆ ಎಂದಿದ್ದರು. ಗೊಣಗಿಕೊಂಡೇ ಗುಂಡಿ ಇಟ್ಟೆ. ಆಮೇಲೆ ಅದೇ ಅಭ್ಯಾಸವಾಯಿತು. ಗೊಂಬೆಯ ಮಾತು ಬೇರೆ. ಅದು ನನ್ನದಲ್ಲ. ಅತ್ತಿಗೆ ಒಮ್ಮೆ, ಬೇರೆ ಯಾವುದೋ ಮಾತಿನ ನಡುವೆ, "ಈ ಮನೆಯಲ್ಲಿ ನನ್ನದು ಅಂತ ಇರುದು ಇದೊಂದು" ಎಂದಿದ್ದರು. ಹಾಗಾಗಿ ಹಿಂದೆ ಬಂದ ಚೀಲವನ್ನು ಅವರಿಗೆ ತೋರಿಸದೆ ನನ್ನ ಕಪಾಟಿನಲ್ಲಿಟ್ಟು, ಮರುದಿನವೇ ಒಂದು ಗೊಂಬೆ ಹಿಡಿದುಕೊಂಡು ಕಾಸರಗೋಡಿನ ಕೈಗಾರಿಕೆ ಇಲಾಖೆಯ ಕಚೇರಿಗೆ ಜಗಳ ಮಾಡಲು ಹೋದೆ.

ಜಗಳಕ್ಕೆ ಅವಕಾಶವೇ ಸಿಗಲಿಲ್ಲ. ಅಲ್ಲಿದ್ದದ್ದು ಕೇರಳದ ದಕ್ಷಿಣ ಕಡೆಯ ಒಬ್ಬಳು ಎಳೆಯ ಪ್ರಾಯದ ಅಧಿಕಾರಿ. ಕೆಲಸಕ್ಕೆ ಬಂದ ಮೇಲೆ ಕನ್ನಡ ಕಲಿತವಳು. ನನ್ನ ಮಾತೆಲ್ಲ ಮುಗಿಯುವವರೆಗೆ ಕಾದು, "ಚೇಚಿ, ನಿಮಗೆ ಆ ಮಾರ್ಕ್ ಬೇಡ. ಕೈಕಸುಬಿನವರಿಗೆ ವಿನಾಯಿತಿ ಉಂಟು. ಕರಕುಶಲದ ಕಾರ್ಡಿಗೆ ಅಪೇಕ್ಷೆ ಕೊಟ್ರೆ ಸಾಕು" ಎಂದಳು. ಚೇಚಿ ಎಂದರೆ ಮಲಯಾಳದಲ್ಲಿ ಅಕ್ಕ, ಅಪೇಕ್ಷೆ ಎಂದರೆ ಇಲ್ಲಿಯ ಕಚೇರಿಗಳಲ್ಲಿ ಅರ್ಜಿ. ನನಗೆ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು. ಅಲ್ಲಿಯೇ ಕೂತು ಅರ್ಜಿ ತುಂಬಿಸತೊಡಗಿದೆವು. ಬಟ್ಟೆ ಎಂತದ್ದು, ಒಳಗೆ ಎಂತ ತುಂಬಿಸುದು ಎಂದು ಅವಳು ಕೇಳುತ್ತಾ ಹೋದಳು, ನಾನು ಹೇಳುತ್ತಾ ಹೋದೆ.

"ಕಣ್ಣು?"

"ಗುಲಗಂಜಿ."

ಅವಳಿಗೆ ಆ ಹೆಸರು ಗೊತ್ತಿರಲಿಲ್ಲ. ಗೊಂಬೆಯನ್ನು ಬೆಳಕಿಗೆ ಹಿಡಿದು ನೋಡಿದಾಗ ಮುಖ ಅರಳಿತು. "ಓ, ಕುನ್ನಿಕುರು! ನಾವು ಸಣ್ಣದಿರುವಾಗ ಕಂಚಿನ ಉರುಳಿ ಪಾತ್ರೆ ತುಂಬ ಇದನ್ನು ಹಾಕಿ ಅದರಲ್ಲಿ ಕೈ ಆಡಿಸ್ತಿದ್ದೆವು." ಹೆಬ್ಬೆರಳಿನಿಂದ ಆ ಕಣ್ಣನ್ನು ಸವರಿದಳು. ದಾರ ಬೆರಳಿಗೆ ತಾಗಿತು. "ಇದರ ಒಳಗೆ ಸೂಜಿ ಹೇಗೆ ಹೋಗ್ತದೆ?"

ನಾನು ಹೆಮ್ಮೆಯಿಂದಲೇ ಹೇಳಿದೆ. ನೆನೆಸುವುದು, ಸೂಜಿ ಕಾಯಿಸುವುದು, ಬೀಜ ಒಡೆಯದ ಹಾಗೆ ತೂತು ಮಾಡಲು ನಮ್ಮ ಅತ್ತಿಗೆಯ ಕೈಯೇ ಆಗಬೇಕು ಎಂಬುದು. ಅವಳು ಪೆನ್ನು ಕೆಳಗಿಟ್ಟಳು.

"ಇದು ವಿಷ ಅಲ್ವಾ?"

"ಅದು ಎಲ್ಲರಿಗೂ ಗೊತ್ತುಂಟು. ಆದ್ರೆ ನುಂಗಿದ್ರೆ ಹಾಗೇ ಹೊರಗೆ ಬರ್ತದೆ ಅಂತ ಹೇಳ್ತಾರೆ. ಸಿಪ್ಪೆ ಗಟ್ಟಿ."

"ಸಿಪ್ಪೆ ಗಟ್ಟಿ ಇರುವುದಕ್ಕೆ ಹಾಗೆ ಹೇಳುದು. ನೀವು ಸಿಪ್ಪೆಯನ್ನೇ ತೂತು ಮಾಡಿದ್ದೀರಿ."

ಅವಳು ನನ್ನ ಮೇಲೆ ರೇಗಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಕಾರ್ಡಿಗೆ ಇದರಿಂದ ತೊಂದರೆ ಏನೂ ಇಲ್ಲ, ವಿನಾಯಿತಿ ಸಿಕ್ಕಿದ ಮೇಲೆ ಗೊಂಬೆಯನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ ಎಂದಳು. ಆಮೇಲೆ, "ನೀವೇ ಒಮ್ಮೆ ಎಳೆದು ನೋಡಿ ಚೇಚಿ" ಎಂದು ಗೊಂಬೆಯನ್ನು ಹಿಂದೆ ಕೊಟ್ಟಳು.

ಗುಲಗಂಜಿ ವಿಷ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಗೊಂಬೆಯನ್ನು ಮಕ್ಕಳು ಬಾಯಿಗೆ ಹಾಕುತ್ತವೆ ಎಂದೂ ಗೊತ್ತು. ಇಷ್ಟು ವರ್ಷ ಈ ಎರಡನ್ನೂ ತಿಳಿದುಕೊಂಡೇ ನಾನು ಆ ಗೊಂಬೆಗಳಿಗೆ ಫ್ರಾಕು ತೊಡಿಸಿದ್ದೆ. ಬಸ್ಸಿನಲ್ಲಿ ಹಿಂದೆ ಬರುವಾಗ ಆದಂಥ ಹೆದರಿಕೆ ನನಗೆ ನನ್ನ ಮಕ್ಕಳಿಗೆ ಜ್ವರ ಬಂದಾಗಲೂ ಆಗಿರಲಿಲ್ಲ.

ಇಲ್ಲಿ ಹೆಚ್ಚಿನ ಮನೆಗಳಲ್ಲಿ ಕೊಕ್ಕೆಯ ತೂಕದ ಯಂತ್ರ ಒಂದಿರುತ್ತದೆ. ಗಲ್ಫಿಗೆ ಹೋಗುವವರ ಸೂಟ್‌ಕೇಸನ್ನು ಎತ್ತಿ ತೂಗಿ, ಭಾರ ಹೆಚ್ಚಾದರೆ ಉಪ್ಪಿನಕಾಯಿಯನ್ನು ಹೊರಗೆ ತೆಗೆಯುವುದಕ್ಕೆ. ನನ್ನ ಗಂಡ ಅಬುಧಾಬಿಯಲ್ಲಿದ್ದಾಗಿನದ್ದು ನಮ್ಮಲ್ಲಿಯೂ ಉಂಟು. ಅದನ್ನು ಹುಡುಕಿ ತಂದು, ಗೊಂಬೆಯ ಕಣ್ಣಿನ ದಾರದ ಕೆಳಗೆ ಕೊಕ್ಕೆ ತೂರಿಸಿದೆ. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಕೂತು ಹರಿವೆ ಸೊಪ್ಪು ಸೋಸುತ್ತಿದ್ದರು.

"ಎಂತ ಮಾಡುದು ನೀನು? ಗೊಂಬೆಯ ಕಣ್ಣು ಕೀಳುದಾ?"

ನಾನು ಎಳೆದೆ. ಒಂದು ತುಂಬಿದ ಕೊಡ ಎತ್ತುವಷ್ಟೂ ಬಲ ಹಾಕಲಿಲ್ಲ. ದಾರ ತುಂಡಾಗಲಿಲ್ಲ. ತೂತು ಮಾಡಿದ ಕಡೆಯಿಂದ ಬೀಜವೇ ಎರಡು ಹೋಳಾಯಿತು. ಒಂದು ಹೋಳು ಕೊಕ್ಕೆಯಲ್ಲಿ ಉಳಿಯಿತು, ಇನ್ನೊಂದು ನೆಲಕ್ಕೆ ಬಿದ್ದು ಎಲ್ಲೋ ಹೊರಳಿತು. ಅದು ಸಿಗುವವರೆಗೆ ನಾನು ಮೊಣಕಾಲೂರಿ ಹುಡುಕಿದೆ. ಅತ್ತಿಗೆ ಎದ್ದು ಬಂದು ಯಂತ್ರದ ಪೆಡಲಿನ ಅಡಿಯಿಂದ ಅದನ್ನು ಹೆಕ್ಕಿ ಅಂಗೈಯಲ್ಲಿಟ್ಟುಕೊಂಡರು. ಅಧಿಕಾರಿ ಹೇಳಿದ್ದನ್ನೆಲ್ಲ ಆಗ ಹೇಳಿದೆ.

"ನಾನು ಮಾಡಿದ್ದು ದೃಷ್ಟಿ ಆಗದಿರ್ಲಿ ಅಂತ" ಎಂದರು. ಅಷ್ಟೇ. ಅವರು ನನ್ನನ್ನು ಬೈದಿದ್ದರೆ ವಾಸಿಯಿತ್ತು.

ಮಾರಿದ ಗೊಂಬೆಗಳನ್ನು ಹಿಂದೆ ತರಿಸಬೇಕಿತ್ತು. ಅಂಗಡಿಯವರಿಗೆ ಫೋನು ಮಾಡಿದೆ. ಅವರ ಮನೆಯಲ್ಲಿಯೂ ಮೊಮ್ಮಗಳಿಗೆ ಒಂದು ಗೊಂಬೆ ಇತ್ತು. ಆಮೇಲೆ ಆ ಮನುಷ್ಯ ಮಾಡಿದ ಕೆಲಸವನ್ನು ನಾನು ಮರೆಯಲಾರೆ. ಮೊಬೈಲಿನಲ್ಲಿ ಹಣ ಕಳಿಸಿದವರ ನಂಬರು ಹುಡುಕಿ ಹುಡುಕಿ, ಗೊತ್ತಿರುವವರ ಮೂಲಕ ಗೊತ್ತಿಲ್ಲದವರನ್ನು ಹಿಡಿದು, ಎಲ್ಲರಿಗೂ ಹೇಳಿದರು. ಗಲ್ಫಿಗೆ ಹೋದ ಗೊಂಬೆಗಳ ಕಣ್ಣನ್ನು ಅಲ್ಲಿಯ ಅಮ್ಮಂದಿರೇ ಕತ್ತರಿಸಿ ಎಸೆದು ಫೋಟೋ ಕಳಿಸಿದರು. ಉಳಿದವು ಒಂದೊಂದಾಗಿ ಅಂಗಡಿಗೆ ಬಂದವು. ಕೊನೆಗೆ ಒಂದು ಉಳಿಯಿತು. ಅದು ಮೀಂಜ ಊರಿನ ಒಬ್ಬ ಹೆಂಗಸು ಕೊಂಡದ್ದು. ಫೋನು ಹೋಗುತ್ತಿರಲಿಲ್ಲ. ಶಾಲೆಯ ಹತ್ತಿರದ ಮನೆ, ಆ ಹೆಂಗಸು ಟೀಚರು, ನಡೆಯಲು ಕಲಿಯುತ್ತಿರುವ ಮಗು ಉಂಟು ಎಂಬಷ್ಟು ಅವರಿಗೆ ನೆನಪಿತ್ತು.

ನಾಳೆ ಹೋಗಿ ತರುತ್ತೇನೆ ಎಂದೆ. ಬೆಳಿಗ್ಗೆ ನೋಡಿದರೆ ಅತ್ತಿಗೆ ಸೀರೆ ಉಟ್ಟು, ಸೂಜಿದಾರದ ಡಬ್ಬಿ ಹಿಡಿದು ಜಗಲಿಯಲ್ಲಿ ನಿಂತಿದ್ದಾರೆ. ಉಪ್ಪಳದಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯುವಾಗ, "ಸಣ್ಣ ಮಗುವಾ?" ಎಂದು ಕೇಳಿದರು. ಹೌದು ಎಂದೆ.

ಮನೆ ಸಿಗುವುದು ಕಷ್ಟವಾಗಲಿಲ್ಲ. ಟೀಚರು ರಜೆಯಲ್ಲಿದ್ದರು. ಜಗಲಿಯಲ್ಲಿ ಚಾಪೆಯ ಮೇಲೆ ಮಗು ಕೂತಿತ್ತು, ಕೈಯಲ್ಲಿ ಗೊಂಬೆ, ಗೊಂಬೆಯ ತಲೆ ಅರ್ಧ ಬಾಯಿಯೊಳಗೆ. ನಾನು ಚಪ್ಪಲಿ ಬಿಡುವುದಕ್ಕೆ ಮೊದಲೇ ಅತ್ತಿಗೆ ಮೆಟ್ಟಿಲೇರಿ ಅದನ್ನು ಮೆಲ್ಲ ಬಿಡಿಸಿಕೊಂಡರು. ಮಗು ಬೊಬ್ಬೆ ಹೊಡೆಯಿತು. ಅತ್ತಿಗೆ ಗೊಂಬೆಯ ಮುಖವನ್ನು ನನ್ನ ಕಡೆ ತಿರುಗಿಸಿದರು. ಎಡಗಣ್ಣು ಇರಲಿಲ್ಲ.

ನಾವು ಯಾರು, ಯಾಕೆ ಬಂದದ್ದು ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ಟೀಚರ ಮುಖ ಬಿಳಚಿಕೊಂಡಿತು. "ಅದು ಬಿದ್ದು ತುಂಬ ದಿನ ಆಯ್ತು. ಗುಡಿಸುವಾಗ ಸಿಕ್ಕಿತ್ತು. ಹೊಲಿಯುವ ಅಂತ ತೆಗೆದಿಟ್ಟೆ ನಾನು. ಎಲ್ಲಿ ಇಟ್ಟೆ?" ಒಳಗೆ ಓಡಿದರು. ಮೇಜಿನ ಸೆಳೆಖಾನೆ ಎಳೆಯುವ ಸದ್ದು, ಡಬ್ಬಿ ಕವುಚುವ ಸದ್ದು ಕೇಳುತ್ತಿತ್ತು. ಅತ್ತಿಗೆ ಗೊಂಬೆ ಹಿಡಿದುಕೊಂಡು ಕಂಬಕ್ಕೆ ಒರಗಿ ನಿಂತಿದ್ದರು. ಮಗು ಅಳು ನಿಲ್ಲಿಸಿ ಅವರ ಸೀರೆಯ ನೆರಿಗೆ ಹಿಡಿದು ಎದ್ದು ನಿಂತಿತು. ನಾನು ಅದರ ಮುಖವನ್ನೇ ನೋಡುತ್ತಿದ್ದೆ. ಚೆನ್ನಾಗಿಯೇ ಇತ್ತು. ಆದರೂ ನೋಡುತ್ತಿದ್ದೆ.

ದೇವರ ಫೋಟೋದ ಹಿಂದೆ ಸಿಕ್ಕಿತು. ಟೀಚರು ಅದನ್ನು ಎರಡು ಬೆರಳಲ್ಲಿ ಹಿಡಿದು ತಂದು ಅತ್ತಿಗೆಯ ಅಂಗೈಗೆ ಹಾಕಿದರು. ಇಡೀ ಬೀಜ, ತೂತಿನಲ್ಲಿ ಕಪ್ಪು ದಾರದ ತುಂಡು. ಅತ್ತಿಗೆ ಅದನ್ನು ಸೆರಗಿನ ತುದಿಗೆ ಗಂಟು ಹಾಕಿದರು. ಗಂಟಿನ ಮೇಲೆ ಇನ್ನೊಂದು ಗಂಟು. ಆಮೇಲೆ ಅಲ್ಲಿಯೇ ಕೂತು ಬಲಗಣ್ಣನ್ನೂ ಕತ್ತರಿಸಿ ತೆಗೆದು ಅದೇ ಸೆರಗಿಗೆ ಸೇರಿಸಿದರು. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಬೇರೆ ಮಾಡಿ ಕಳಿಸುವಾ ಅತ್ತಿಗೆ, ಇದು ಇರ್ಲಿ" ಎಂದೆ.

"ಬೇಡ. ಅದಕ್ಕೆ ಇದೇ ಬೇಕು" ಎಂದು ಡಬ್ಬಿ ತೆರೆದರು.

ಟೀಚರು ಚಹಾ ತಂದಿಟ್ಟರು. ಅದು ಆರಿ ತಣ್ಣಗಾಯಿತು. ಅತ್ತಿಗೆ ಗೊಂಬೆಗೆ ಕೆಂಪು ದಾರದಲ್ಲೇ ಕಣ್ಣು ಹೊಲಿದರು, ತುದಿಗೆ ಕಪ್ಪು ದಾರದ ಬೊಟ್ಟು ಇಟ್ಟರು. ಗುಲಗಂಜಿಯ ಬಣ್ಣವೇ, ಗುಲಗಂಜಿಯ ಆಕಾರವೇ. ಈಗ ನಾಯ್ಮಾರ್ಮೂಲೆಗೆ ಹೋಗುವ ಗೊಂಬೆಗಳಿಗೆಲ್ಲ ಇದೇ ಕಣ್ಣು. ಕಾರ್ಡು ಬಂದಿದೆ, ವಿನಾಯಿತಿಯೂ ಉಂಟು. ಆದರೂ ಒಂದೊಂದು ಗೊಂಬೆಯನ್ನೂ ಕೊಕ್ಕೆಗೆ ಸಿಕ್ಕಿಸಿ ಎಳೆದು ನೋಡದೆ ಅತ್ತಿಗೆ ಚೀಲಕ್ಕೆ ಹಾಕುವುದಿಲ್ಲ. ಹಳೆಯ ಕಣ್ಣೇ ಹೊಳೆಯುತ್ತಿತ್ತು, ಅದೇ ಬೇಕು ಎಂದು ಕೇಳುವವರು ಈಗಲೂ ಇದ್ದಾರೆ. ಅವರಿಗೆ ಉತ್ತರ ಕೊಡುವ ಕೆಲಸ ನನ್ನದು, ನಾನು ಸ್ವಲ್ಪ ಜೋರಾಗಿಯೇ ಕೊಡುತ್ತೇನೆ.

ಅವತ್ತು ಹೊಲಿದು ಮುಗಿದ ಮೇಲೆ ದಾರವನ್ನು ಹಲ್ಲಿನಿಂದ ಕತ್ತರಿಸಿ, ಅತ್ತಿಗೆ ಗೊಂಬೆಯನ್ನು ಮಗುವಿನ ಕೈಗೆ ಕೊಟ್ಟರು. ಮಗು ಅದರ ಮುಖವನ್ನು ತುಸು ಹೊತ್ತು ನೋಡಿತು. ಹೊಸ ಕಣ್ಣನ್ನು ಬೆರಳಿನಿಂದ ಕೆರೆಯಿತು. ಆಮೇಲೆ ನೇರ ಬಾಯಿಗೆ ಹಾಕಿ, ಹೊಸದಾಗಿ ಬಂದ ಎರಡು ಹಲ್ಲಿನಲ್ಲಿ ಆ ಕಣ್ಣನ್ನೇ ಕಚ್ಚಿ ಎಳೆಯತೊಡಗಿತು. ಟೀಚರು ಗಾಬರಿಯಿಂದ ಕೈ ಮುಂದೆ ಮಾಡಿದರು. ಅತ್ತಿಗೆ ಆ ಕೈಯನ್ನು ಹಿಡಿದುಕೊಂಡರು. ಮಗುವಿನ ಬಾಯಿಯಿಂದ ದೃಷ್ಟಿ ತೆಗೆಯದೆ, "ಕಚ್ಚಲಿ" ಎಂದರು.